ಹಗುರ ತೋಟಾಗಳ ಶುಕ್ರವಾರ

ಕುವೈತಿಗೆ ಹೋಗಿ ಬಂದೆ ಎಂದ ಕೂಡಲೇ ಜನ ಕುರ್ಚಿ ಎಳೆದುಕೊಂಡು ಹತ್ತಿರ ಬರುತ್ತಾರೆ. ಟ್ಯಾಂಕು ನೋಡಿದಿರಾ, ಎಣ್ಣೆಬಾವಿ ಉರಿಯುವುದನ್ನು ನೋಡಿದಿರಾ ಎಂದು ಕೇಳುತ್ತಾರೆ. ನಾನು ಹೋದದ್ದು 1990ರ ಫೆಬ್ರವರಿಯಲ್ಲಿ, ಯುದ್ಧ ಬಂದದ್ದು ಆಗಸ್ಟಿನಲ್ಲಿ. ನಾನು ಅಲ್ಲಿ ಕಂಡ ಗುಂಡಿನ ಕಾಳಗವೆಂದರೆ ಇಬ್ಬರು ಮುದುಕರು, ಭಾವ-ಮೈದುನರು, ಹಾರುವ ಮಣ್ಣಿನ ಬಿಲ್ಲೆಗಳಿಗೆ ಕೋವಿ ಹೊಡೆದದ್ದು ಮಾತ್ರ. ಇಷ್ಟು ಹೇಳಿದ ಮೇಲೆ ಅರ್ಧ ಜನ ಕುರ್ಚಿ ಹಿಂದಕ್ಕೆ ಸರಿಸುತ್ತಾರೆ. ಉಳಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹೆಸರುಗಳನ್ನು ಬದಲಿಸಿದ್ದೇನೆ. ಇದರಲ್ಲಿ ಬರುವವರೆಲ್ಲರೂ ಈಗ ಕ್ಷೇಮವಾಗಿದ್ದಾರೆ, ಅದನ್ನೂ ಮೊದಲೇ ಹೇಳಿಬಿಡುವುದು ಒಳ್ಳೆಯದು.

ವಿಮಾನ ನಿಲ್ದಾಣ

ನಾನು ಕೊಡಗಿನವಳು, ಮೈಸೂರಿನ ಒಂದು ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡುತ್ತೇನೆ. ಮರುಭೂಮಿ ಹೇಗಿರುತ್ತದೆ ಎಂದು ವರ್ಷಗಟ್ಟಲೆ ಮಕ್ಕಳಿಗೆ ಹೇಳಿದವಳು ಒಮ್ಮೆಯಾದರೂ ಅದನ್ನು ಕಣ್ಣಾರೆ ನೋಡಬೇಡವೇ ಎಂದು ಗೆಳತಿ ಲಿಲ್ಲಿ ಪ್ರತಿ ಕ್ರಿಸ್ಮಸ್ಸಿಗೂ ಕೇಳುತ್ತಿದ್ದಳು. ಲಿಲ್ಲಿ ನನ್ನ ಜೊತೆ ಮಡಿಕೇರಿಯ ಹಾಸ್ಟೆಲಿನಲ್ಲಿದ್ದ ಮಂಗಳೂರಿನ ಹುಡುಗಿ. ಈಗ ಕುವೈತಿನ ಆಸ್ಪತ್ರೆಯೊಂದರಲ್ಲಿ ನರ್ಸು. ಪರೀಕ್ಷೆ ಹತ್ತಿರವಿರುವಾಗ ರಜೆ ಕೇಳಿದ್ದಕ್ಕೆ ನಮ್ಮ ಹೆಡ್‌ಮಾಸ್ತರರು ನನ್ನೊಡನೆ ಮಾತು ಬಿಟ್ಟರು. ಅದು ರಜೆಯ ಮೊದಲ ಸುಖ.

ಲಿಲ್ಲಿ ತರಲು ಹೇಳಿದ್ದು ಕಾಚಂಪುಳಿ ಒಂದನ್ನೇ. ಕೊಡಗಿನಲ್ಲಿ ಹಂದಿಮಾಂಸಕ್ಕೆ ಹಾಕುವ ಈ ಹುಳಿ ಕಪ್ಪಗೆ, ಮಂದವಾಗಿ, ಬಾಟಲಿಯಲ್ಲಿಟ್ಟರೆ ಥೇಟ್ ಕಳ್ಳಸರಕಿನಂತೆ ಕಾಣುತ್ತದೆ. ಕಸ್ಟಮ್ಸಿನವರು ಬಾಟಲಿಯನ್ನು ಬೆಳಕಿಗೆ ಹಿಡಿದು, "ಶರಾಬ್?" ಎಂದರು. ನಾನು ಅಲ್ಲವೆಂದೆ. ಅವರು ಮುಚ್ಚಳ ತೆಗೆದು ಆಳವಾಗಿ ಮೂಸಿದರು. ಆಮೇಲೆ ಪಕ್ಕದವರನ್ನು ಕರೆದು ಅವರಿಗೂ ಮೂಸಲು ಕೊಟ್ಟರು. ಇಬ್ಬರೂ ಕಣ್ಣೊರೆಸಿಕೊಂಡ ಮೇಲೆ ಮುಚ್ಚಳ ಬಿಗಿಯಾಗಿ ತಿರುಗಿಸಿ, ಎರಡೂ ಕೈಯಲ್ಲಿ ನನಗೆ ವಾಪಸು ಕೊಟ್ಟರು. ಇದನ್ನು ಯಾವ ಮಾಂಸಕ್ಕೆ ಹಾಕುತ್ತೀರಿ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಸಾಲ್ಮಿಯಾ

ಸಾಲ್ಮಿಯಾ ಎಂಬ ಬಡಾವಣೆಯಲ್ಲಿರುವ ಲಿಲ್ಲಿಯ ಮನೆಯ ಬಾಲ್ಕನಿಯಿಂದ ಸಮುದ್ರ ಕಾಣುತ್ತದೆ. ಮಂಗಳೂರಿನ ಸಮುದ್ರದಂತೆ ಅದು ಗದ್ದಲ ಮಾಡುವುದಿಲ್ಲ, ಮಗ್ಗಿ ಬಾರದ ಹುಡುಗ ಹಿಂದಿನ ಬೆಂಚಿನಲ್ಲಿ ಕೂತ ಹಾಗೆ ಸುಮ್ಮನಿರುತ್ತದೆ. ಅಲ್ಲಿ ಶುಕ್ರವಾರವೇ ಭಾನುವಾರ. ಲಿಲ್ಲಿಯವರು ಶುಕ್ರವಾರ ಬೆಳಿಗ್ಗೆ ಪೂಜೆಗೆ ಇಗರ್ಜಿಗೆ ಹೋಗುತ್ತಾರೆ, ಭಾನುವಾರ ಡ್ಯೂಟಿಗೆ ಹೋಗುತ್ತಾರೆ. ದೇವರು ಹೊಂದಿಕೊಂಡಿದ್ದಾನೆ ಎನ್ನುತ್ತಾಳೆ ಲಿಲ್ಲಿ.

ಅವಳ ಗಂಡ ಗಿಲ್ಬರ್ಟ್ ಊರಿನಲ್ಲಿ ಒಬ್ಬ ಡಾಕ್ಟರ ಬಳಿ ಕಾಂಪೌಂಡರಾಗಿದ್ದವರು. ಒಳ್ಳೆಯ ಮನುಷ್ಯ, ಆದರೆ ಬಾಯಿ ಬಿಟ್ಟರೆ ಮುಚ್ಚುವುದಿಲ್ಲ, ಸಣ್ಣದಕ್ಕೂ ಗಾಬರಿ. ಇಲ್ಲಿ ಏನು ಕೆಲಸ ಎಂದು ನಾನು ಮೊದಲ ದಿನ ಊಟದ ಹೊತ್ತಿಗೆ ಕೇಳಿದೆ.

"ತೋಟಾ ತುಂಬಿಸುವ ಕೆಲಸ," ಎಂದರು.

ನಾನು ಚಮಚ ಕೆಳಗಿಟ್ಟೆ. ಕೊಡವರ ಮನೆಯಲ್ಲಿ ಹುಟ್ಟಿದವಳಿಗೆ ಇದು ತವರಿನ ಸುದ್ದಿ. ನಮ್ಮಲ್ಲಿ ಗಂಡು ಹುಟ್ಟಿದರೆ ಒಂದು ಗುಂಡು, ಸತ್ತರೆ ಎರಡು. ಹಬ್ಬದಲ್ಲಿ ಕೋವಿಗೆ ಹೂ ಮುಡಿಸಿ ಪೂಜೆ ಮಾಡಿ, ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಹೊಡೆಯುತ್ತೇವೆ. ನಮ್ಮಜ್ಜ ಕೇಪಿನ ಕೋವಿಗೆ ಮದ್ದು, ತೆಂಗಿನ ನಾರು ಗಿಡಿಯುವಾಗ ನಾರು ಹಿಂಜಿಕೊಡುತ್ತಿದ್ದವಳು ನಾನೇ. ಇದನ್ನೆಲ್ಲ ನಾನು ವಿವರವಾಗಿ ಹೇಳಿದೆ.

"ಹಾಗಾದ್ರೆ ನಿಮಗೆ ಹೇಳ್ಬಹುದು ಟೀಚರ್," ಎಂದು ಗಿಲ್ಬರ್ಟ್ ಕುರ್ಚಿ ಹತ್ತಿರ ಎಳೆದರು.

"ಹೇಳ್ಬೇಡಿ ಅಂತ ಅವರು ಹೇಳಿದ್ದಲ್ವಾ?" ಎಂದಳು ಲಿಲ್ಲಿ.

"ಪೊನ್ನಮ್ಮ ಟೀಚರಿಗೆ ಹೇಳ್ಬೇಡಿ ಅಂತ ಹೇಳ್ಲಿಲ್ಲ."

ಸಂಗತಿ ಹೀಗೆ. ಗಿಲ್ಬರ್ಟರ ಕಫೀಲ್, ಅಂದರೆ ಅವರಿಗೆ ವೀಸಾ ಕೊಟ್ಟ ಧಣಿ, ಅಬು ಖಾಲಿದ್ ಎಂಬ ವ್ಯಾಪಾರಿ. ಅರುವತ್ತು ದಾಟಿದವರು. ಊರ ಹೊರಗೆ ಅವರದೊಂದು ಜಾಗವಿದೆ, ಪರವಾನಗಿ ಪಡೆದು ಅಲ್ಲಿ ಬಿಲ್ಲೆ ಹಾರಿಸುವ ಯಂತ್ರ ಕೂರಿಸಿದ್ದಾರೆ. ಪ್ರತಿ ಶುಕ್ರವಾರ ಮನೆಯವರೆಲ್ಲ ಸೇರಿ ಹೊಡೆಯುತ್ತಾರೆ. ಎರಡು ವರ್ಷದ ಕೆಳಗೆ ಅವರು ಮೆಟ್ಟಿಲ ಮೇಲೆ ಬಿದ್ದು ಬಲ ಭುಜ ಮುರಿದುಕೊಂಡರು. ಲಿಲ್ಲಿಯ ವಾರ್ಡಿನಲ್ಲೇ ಇದ್ದರು. ಮೂಳೆ ಕೂಡಿತು, ನೋವು ಹೋಗಲಿಲ್ಲ. ಕೋವಿ ಹೊಡೆದಾಗ ಹಿಂದಕ್ಕೆ ಒದೆಯುತ್ತದೆ, ಆ ಒದೆತ ಅವರಿಗೆ ತಡೆದುಕೊಳ್ಳಲಾಗದು. ಅದಕ್ಕೇ ಗಿಲ್ಬರ್ಟ್ ಒಮ್ಮೆ ಹೊಡೆದ ಖಾಲಿ ತೋಟಾಗಳನ್ನೇ ಮತ್ತೆ ತುಂಬಿಸಿ ಅವರೊಬ್ಬರಿಗಾಗಿ ಹಗುರ ತೋಟಾ ತಯಾರಿಸುತ್ತಾರೆ. ಅದರಲ್ಲಿ ಚರೆ, ಅಂದರೆ ಸೀಸದ ಕಾಳು, ಕಡಿಮೆ, ಮದ್ದೂ ಅದಕ್ಕೆ ತಕ್ಕಷ್ಟು. ಕೋವಿ ಒದೆಯುವ ಬದಲು ಮೆಲ್ಲಗೆ ತಳ್ಳುತ್ತದೆ. ಇದು ಗೊತ್ತಿದ್ದದ್ದು ಅಬು ಖಾಲಿದರಿಗೆ, ಗಿಲ್ಬರ್ಟರಿಗೆ, ಲಿಲ್ಲಿಗೆ. ಈಗ ನನಗೆ.

"ಬೇರೆಯವರು ಕೇಳುವುದಿಲ್ಲವೇ, ಹಳೆ ತೋಟಾ ಯಾಕೆ ಅಂತ?" ಎಂದೆ.

"ಉಳಿತಾಯಕ್ಕೆ ಅಂತ ಹೇಳ್ತಾರೆ ಅವರು. ಇಷ್ಟು ದೊಡ್ಡ ಶ್ರೀಮಂತ, ಜಿಪುಣ ಅಂತ ಎಲ್ಲರೂ ನಗಾಡ್ತಾರೆ. ನಗಾಡ್ಲಿ ಅಂತ ಬಿಟ್ಟಿದ್ದಾರೆ."

ಜಿಪುಣನೆನಿಸಿಕೊಳ್ಳಲು ಒಪ್ಪಿದ ಮನುಷ್ಯ ಮುದುಕನೆನಿಸಿಕೊಳ್ಳಲು ಒಪ್ಪಿರಲಿಲ್ಲ. ನನಗೆ ಅವರು ನೋಡುವ ಮೊದಲೇ ಹಿಡಿಸಿದರು.

ತೊಂದರೆ ಇದ್ದದ್ದು ಮಕ್ಕಳಿಂದ. ಇಬ್ಬರು ಗಂಡುಮಕ್ಕಳು, ಆ ಜಾಗದಲ್ಲಿ ಗೋದಾಮು ಕಟ್ಟಿ ಬಾಡಿಗೆಗೆ ಕೊಡಬೇಕೆನ್ನುವವರು. ಅವರ ಸೋದರಮಾವ ಅಬು ಜಾಸಿಂ ಅವರಿಗೆ ಒತ್ತಾಸೆ. ನಿಮ್ಮಪ್ಪನಿಗೆ ವಯಸ್ಸಾಯಿತು, ಮುಚ್ಚಿಸಿಬಿಡಿ ಎಂದು ಈ ಮಾವನವರೇ ವರ್ಷದಿಂದ ಹೇಳುತ್ತಿದ್ದರಂತೆ. ಸೋದರಮಾವನ ಮಾತಿಗೆ ನಮ್ಮಲ್ಲಿರುವ ತೂಕ ಅಲ್ಲೂ ಇದೆ. ಕೊನೆಗೆ ಹಟಕ್ಕೆ ಬಿದ್ದು ಅಬು ಖಾಲಿದ್ ಎಲ್ಲರೆದುರು ಮಾತು ಕೊಟ್ಟಿದ್ದರು: ಬರುವ ಶುಕ್ರವಾರ ಇಪ್ಪತ್ತೈದು ಬಿಲ್ಲೆಯಲ್ಲಿ ಅರ್ಧ ಒಡೆಯದಿದ್ದರೆ ಕೋವಿ ಕೆಳಗಿಡುತ್ತೇನೆ, ಜಾಗ ನಿಮ್ಮದು.

"ಜಾಗ ಹೋದ್ರೆ ನನ್ನ ಕೆಲ್ಸ ಹೋಯ್ತು. ಕೆಲ್ಸ ಹೋದ್ರೆ ಇಕಾಮಾ ಹೋಯ್ತು, ಇಲ್ಲಿ ಇರ್ಲಿಕ್ಕೆ ಪರ್ಮಿಟ್ ಇಲ್ಲ. ಇವಳು ಇಲ್ಲಿ, ನಾನು ಊರಲ್ಲಿ, ಕಂಕನಾಡಿಯಲ್ಲಿ. ಖಲಾಸ್," ಎಂದರು ಗಿಲ್ಬರ್ಟ್.

ಲಿಲ್ಲಿ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು.

ತುಂಬುವ ಮೇಜು

ಗುರುವಾರ ಗಿಲ್ಬರ್ಟ್ ನನ್ನನ್ನು ಮರುಭೂಮಿಗೆ ಕರೆದುಕೊಂಡು ಹೋದರು. ನಾನು ಮಕ್ಕಳಿಗೆ ಹೇಳಿಕೊಟ್ಟದ್ದೆಲ್ಲ ತಪ್ಪು. ಹಳದಿ ಮರಳಿನ ದಿಣ್ಣೆ ಎಲ್ಲೂ ಇಲ್ಲ. ಬೂದು ಬಣ್ಣದ ಗಟ್ಟಿ ನೆಲ, ಅದರ ಮೇಲೆ ಮೀಸೆ ಮೂಡುವ ಹುಡುಗನ ತುಟಿಯ ಹಾಗೆ ತೆಳುವಾಗಿ ಹಸಿರು. ಚಳಿ ಬೇರೆ. ಕಣ್ಣು ಹಾಯುವಷ್ಟು ದೂರ ಗುಡಾರಗಳು. ನಗರದಲ್ಲಿ ದೊಡ್ಡ ದೊಡ್ಡ ಮನೆಯಿರುವವರು ಚಳಿಗಾಲದಲ್ಲಿ ಇಲ್ಲಿ ಬಂದು ಗುಡಾರ ಹಾಕಿಕೊಂಡು, ಜನರೇಟರ್ ಹಚ್ಚಿ ಟಿ.ವಿ. ನೋಡುತ್ತಾರೆ.

ಗಿಲ್ಬರ್ಟರ ಕೋಣೆ ತಗಡಿನದು. ಮೇಜಿನ ಮೇಲೆ ಕಬ್ಬಿನ ರಸ ತೆಗೆಯುವ ಯಂತ್ರದ ಚಿಕ್ಕ ತಮ್ಮನಂತಹ ಒಂದು ಒತ್ತುಯಂತ್ರ. ತೋಟಾ ಎಂದರೆ ಹೆಬ್ಬೆರಳು ಗಾತ್ರದ ಪ್ಲಾಸ್ಟಿಕ್ ಕೊಳವೆ, ಬುಡಕ್ಕೆ ಹಿತ್ತಾಳೆ. ಒಮ್ಮೆ ಹೊಡೆದರೆ ಬಾಯಿ ಬಿಟ್ಟುಕೊಂಡು ಮರಳಿನಲ್ಲಿ ಬಿದ್ದಿರುತ್ತದೆ. ಅದನ್ನು ಹೆಕ್ಕಿ, ಬುಡದಲ್ಲಿ ಕಿಡಿ ಕೊಟ್ಟು ಸುಟ್ಟುಹೋದ ಕೇಪು ಕಿತ್ತು, ಹೊಸ ಕೇಪು ಕೂರಿಸಿ, ಮದ್ದು ಹಾಕಿ, ಅದರ ಮೇಲೆ ಒಂದು ಪ್ಲಾಸ್ಟಿಕ್ ಬಟ್ಟಲು ಒತ್ತಿ, ಚರೆ ಸುರಿದು ಬಾಯಿ ಮಡಿಚಿದರೆ ಮತ್ತೆ ಹೊಸತು. ನನಗೆ ಒಪ್ಪಿಸಿದ್ದು ಮೊದಲ ಕೆಲಸ ಮತ್ತು ಕೊನೆಯ ಕೆಲಸ. ಖಾಲಿ ತೋಟಾಗಳಲ್ಲಿ ಬಾಯಿ ಸೀಳಿದ್ದನ್ನು ಬೇರೆ ಮಾಡುವುದು, ತುಂಬಿದ ಮೇಲೆ ಬಾಯಿ ಮಡಿಚುವ ಹಿಡಿಕೆ ಒತ್ತುವುದು.

ನಡುವಿನ ಕೆಲಸಕ್ಕೂ ಕೈ ಹಾಕಿದೆ. "ನಮ್ಮಜ್ಜ ಅಂಗೈಯಲ್ಲೇ ಅಳೀತಿದ್ದರು," ಎಂದೆ.

"ನಿಮ್ಮಜ್ಜನಿಗೆ ಎಷ್ಟು ಬೆರಳು ಇತ್ತು ಟೀಚರ್?" ಎಂದರು ಗಿಲ್ಬರ್ಟ್, ತಲೆ ಎತ್ತದೆ.

ಒಂದು ಬೆರಳು ಅರ್ಧ ಇರಲಿಲ್ಲ. ನಾನು ಮಾತು ಬದಲಿಸಿದೆ. ಮದ್ದು ಅಳೆಯುವಾಗ ಮಾತ್ರ ಗಿಲ್ಬರ್ಟರ ಬಾಯಿ ಮುಚ್ಚಿರುತ್ತದೆ. ಹತ್ತು ತೋಟಾಕ್ಕೊಮ್ಮೆ ಔಷಧಿ ತೂಗುವ ತಕ್ಕಡಿಯಲ್ಲಿ ತೂಗಿ, ಅಳತೆಯ ಪುಸ್ತಕ ನೋಡಿ, ಶಿಲುಬೆಯ ಗುರುತು ಮಾಡಿಕೊಂಡು ಮುಂದುವರಿಯುತ್ತಾರೆ.

ಬಾಯಿ ಮಡಿಚುವುದು ನನಗೆ ಕೂಡಲೇ ಒಲಿಯಿತು. ಹಿಡಿಕೆಯನ್ನು ಹದವಾಗಿ ಒತ್ತಿದರೆ ಕೊಳವೆಯ ತುದಿ ಆರು ಎಸಳಾಗಿ ಒಳಗೆ ಮಡಿಚಿಕೊಳ್ಳುತ್ತದೆ. ಕರ್ಜಿಕಾಯಿಯ ಅಂಚು ಕಟ್ಟಿ ರೂಢಿಯಿದ್ದವರಿಗೆ ಇದೇನೂ ಕಷ್ಟವಲ್ಲ. ಸಂಜೆಯ ಹೊತ್ತಿಗೆ ಪೆಟ್ಟಿಗೆ ತುಂಬಿತು. ಕೆಂಪು, ಹಸಿರು, ಮಾಸಿದ ಹಳದಿ, ಬಣ್ಣ ಬೇರೆ ಬೇರೆಯಾದರೂ ಒಂದೊಂದರ ಬಾಯೂ ಹೂವಿನಂತೆ ಕೂತಿತ್ತು. ನಾನು ಅದನ್ನು ಹೆಮ್ಮೆಯಿಂದ ಬಹಳ ಹೊತ್ತು ನೋಡಿದೆ. ಆ ಹೆಮ್ಮೆಯೇ ಮರುದಿನ ಎಡವಟ್ಟು ಮಾಡಿತು.

ಶುಕ್ರವಾರ, ಗುಡಾರದ ಮುಂದೆ

ಮಧ್ಯಾಹ್ನದ ನಮಾಜು ಮುಗಿಸಿ ಎಲ್ಲರೂ ಬಂದರು. ಆ ವಾರ ಲಿಲ್ಲಿಗೆ ಶುಕ್ರವಾರವೂ ಡ್ಯೂಟಿ ಬಿದ್ದಿತ್ತು. ಗಿಲ್ಬರ್ಟ್ ಬಿಲ್ಲೆ ಹಾರಿಸುವ ಯಂತ್ರದ ಜೊತೆ ಮುಂದುಗಡೆ, ಅರ್ಧ ನೆಲದಲ್ಲಿ ಹೂತ ಸಿಮೆಂಟಿನ ಗೂಡಿನೊಳಗೆ ಇಳಿದರು. ಹೊಡೆಯುವವರು "ಯಲ್ಲಾ" ಎಂದಾಗ ಅವರು ಯಂತ್ರದ ಸನ್ನೆಗೋಲು ಎಳೆಯಬೇಕು. ಹಾಗಾಗಿ ನಾನು ಗುಡಾರದ ಮುಂದಿನ ರತ್ನಗಂಬಳಿಯ ಮೇಲೆ ಒಬ್ಬಳೇ ಅತಿಥಿ.

ಭಾಷೆಯ ತೊಂದರೆ ಆಗಲಿಲ್ಲ. ಅಬು ಖಾಲಿದ್ ಹುಡುಗರಾಗಿದ್ದಾಗ ಅಪ್ಪನ ಹಡಗಿನಲ್ಲಿ ಖರ್ಜೂರ ತುಂಬಿಕೊಂಡು ಬೊಂಬಾಯಿಗೂ ಮಂಗಳೂರಿಗೂ ಬರುತ್ತಿದ್ದವರು. ಅವರ ಹಿಂದಿ ನನ್ನ ಹಿಂದಿಗಿಂತ ಚೆನ್ನಾಗಿತ್ತು. ನಾನು ಮಾಡಿದ ಲಿಂಗದೋಷಗಳನ್ನು ಅವರು ಕೇಳಿಸಿಕೊಳ್ಳದವರಂತೆ ಇದ್ದುಬಿಟ್ಟರು. ಪಕ್ಕದಲ್ಲಿ ಕೂತ ಅಬು ಜಾಸಿಂ ಬೇರೆ ಜಾತಿಯ ಮನುಷ್ಯ. ಗಡ್ಡಕ್ಕೆ ಕಪ್ಪು ಬಣ್ಣ ಹಚ್ಚಿದ್ದರು. ಒಂದೊಂದು ಮಾತನ್ನೂ ಎರಡೆರಡು ಸಲ, ಮೂರನೆಯ ಗುಡಾರಕ್ಕೆ ಕೇಳುವಂತೆ ಹೇಳುತ್ತಿದ್ದರು. ನಾನು ಹೇಳಿದ್ದನ್ನೂ ಅಬು ಖಾಲಿದರಿಗೆ ತಾವು ಮತ್ತೊಮ್ಮೆ ಕೂಗಿ ಹೇಳುತ್ತಿದ್ದರು, ನನ್ನ ಹಿಂದಿಯನ್ನು ತಿದ್ದುವವರ ಹಾಗೆ. ನನಗೆ ಅವರು ಹಿಡಿಸಲಿಲ್ಲ.

ಅಬು ಖಾಲಿದರ ಪಕ್ಕದ ಸ್ಟೂಲಿನ ಮೇಲೆ ನಮ್ಮ ಪೆಟ್ಟಿಗೆ ಇತ್ತು. ಬೇರೆಯವರ ಎದುರಿಗೆಲ್ಲ ಅಂಗಡಿಯ ಹೊಚ್ಚಹೊಸ ಕೆಂಪು ಪೆಟ್ಟಿಗೆಗಳು. ಕಾಫಿ ಬಂತು, ಖರ್ಜೂರ ಬಂತು. ಮಾತು ನಿಂತಾಗ ನಾನು ಸುಮ್ಮನಿರಬೇಕಿತ್ತು. ನಮ್ಮ ಪೆಟ್ಟಿಗೆಯಿಂದ ಒಂದು ತೋಟಾ ಎತ್ತಿಕೊಂಡು, ಅದರ ಬಾಯಿ ತೋರಿಸಿ, "ಎಷ್ಟು ಚೆಂದ! ಇಷ್ಟು ಚೆಂದದ ತೋಟಾ ನಾನು ನೋಡೇ ಇಲ್ಲ," ಎಂದೆ. ನನ್ನ ಕೆಲಸವನ್ನು ನಾನೇ ಹೊಗಳಿಕೊಂಡದ್ದು ಎಂದು ಯಾರಿಗೂ ತಿಳಿಯದೆಂಬ ಧೈರ್ಯ.

ಅಬು ಖಾಲಿದ್ ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಇಡೀ ಪೆಟ್ಟಿಗೆಯನ್ನು ಎತ್ತಿ ನನ್ನ ಮಡಿಲಲ್ಲಿಟ್ಟರು.

"ನಿಮ್ಮದು," ಎಂದರು.

ಅತಿಥಿ ಹೊಗಳಿದ ವಸ್ತುವನ್ನು ಅತಿಥಿಗೇ ಕೊಡಬೇಕು. ಅಲ್ಲಿ ಅದು ಮರ್ಯಾದೆ. ಬೇಡ ಎಂದೆ. ಎದೆಯ ಮೇಲೆ ಕೈಯಿಟ್ಟುಕೊಂಡರು. ಮತ್ತೆ ಬೇಡ ಎಂದೆ. ದೊಡ್ಡ ಮಗ ಇಂಗ್ಲಿಷಿನಲ್ಲಿ, ಮೂರನೆಯ ಸಲ ಬೇಡ ಎಂದರೆ ಅಪ್ಪನಿಗೆ ಅವಮಾನವಾಗುತ್ತದೆ ಎಂದು ವಿನಯವಾಗಿ ತಿಳಿಸಿದ. ಚಿಕ್ಕ ಮಗ ಒಂದು ಕೆಂಪು ಪೆಟ್ಟಿಗೆ ತಂದು ಸ್ಟೂಲಿನ ಮೇಲಿಟ್ಟ. "ಒಳ್ಳೆಯದಾಯಿತು, ಇವತ್ತಾದರೂ ಹೊಸದು ಹೊಡೆಯಿರಿ," ಎಂದು ಎಲ್ಲರೂ ನಕ್ಕರು. ಅಬು ಖಾಲಿದರೂ ನಕ್ಕರು.

ಮೊದಲ ಬಿಲ್ಲೆ ಹಾರಿತು. ಢಂ ಎಂದಿತು. ಬಿಲ್ಲೆ ಒಡೆಯಲಿಲ್ಲ. ಅಬು ಖಾಲಿದ್ ಕೋವಿ ಇಳಿಸಿ ತಲೆಯ ರುಮಾಲು ಸರಿ ಮಾಡಿಕೊಂಡರು, ಬಹಳ ಹೊತ್ತು ಸರಿ ಮಾಡಿಕೊಂಡರು. ಸಿಮೆಂಟಿನ ಗೂಡಿನಿಂದ ಗಿಲ್ಬರ್ಟರ ತಲೆ ಮೇಲೆದ್ದಿತು. ಅಂಗಡಿಯ ತೋಟಾ ಎಂದು ಸದ್ದಿನಲ್ಲೇ ಅವರಿಗೆ ತಿಳಿದಿತ್ತು. ನನ್ನ ಮಡಿಲಿನ ಪೆಟ್ಟಿಗೆ ನೋಡಿದರು. ಕೋವಿಗಳೆದುರು ತಲೆ ಎತ್ತಿದ್ದಕ್ಕೆ ದೊಡ್ಡ ಮಗ ಗದರಿದ, ತಲೆ ಮತ್ತೆ ಒಳಗೆ ಹೋಯಿತು.

ಐದು ಬಿಲ್ಲೆಗಳಲ್ಲಿ ಒಡೆದದ್ದು ಒಂದು. ಪ್ರತಿ ಸಲವೂ ರುಮಾಲು ಕೆಡುತ್ತಿತ್ತು, ಪ್ರತಿ ಸಲವೂ ಅವರು ಅದನ್ನು ಸರಿ ಮಾಡಿಕೊಳ್ಳುತ್ತಿದ್ದರು. ಐದನೆಯದಾದ ಮೇಲೆ ಅವರ ಮೇಲ್ದುಟಿ ಬೆವತಿತ್ತು. ಚಳಿಗೆ ನಾನು ಶಾಲು ಹೊದ್ದಿದ್ದೆ. ಹಗುರ ತೋಟಾ ವಾಪಸು ಕೊಡಿ ಎಂದು ಅವರು ಕೇಳುವಂತಿಲ್ಲ, ತೆಗೆದುಕೊಳ್ಳಿ ಎಂದು ನಾನು ಹೇಳುವಂತಿಲ್ಲ. ಹೇಳಿದರೆ ಯಾಕೆ ಎಂಬ ಪ್ರಶ್ನೆ ಬರುತ್ತದೆ. ಲಿಲ್ಲಿಯ ಸೌಟು ನೆನಪಾಯಿತು. ನನಗೆ ನನ್ನ ಮೇಲೆಯೇ ಸಿಟ್ಟು ಬಂತು.

ಮರ್ಯಾದೆಯಿಂದ ಬಂದ ಕಷ್ಟ ಮರ್ಯಾದೆಯಿಂದಲೇ ಹೋಗಬೇಕು. ನಾನು ಪೆಟ್ಟಿಗೆ ಹಿಡಿದುಕೊಂಡು ಎದ್ದು ನಿಂತೆ.

"ನಮ್ಮ ಕೊಡಗಿನಲ್ಲಿ ಒಂದು ಪದ್ಧತಿ ಇದೆ," ಎಂದೆ. "ಹೆಂಗಸಿಗೆ ತೋಟಾ ಉಡುಗೊರೆ ಬಂದರೆ ಅವಳು ಅದನ್ನು ಮನೆಗೆ ಒಯ್ಯುವ ಹಾಗಿಲ್ಲ. ಅಲ್ಲಿರುವವರಲ್ಲಿ ಎಲ್ಲರಿಗಿಂತ ಹಿರಿಯರು ಆ ದಿನವೇ ಹೊಡೆದು ಮುಗಿಸಬೇಕು. ಇಲ್ಲದಿದ್ದರೆ ಅವಳ ತವರಿಗೆ ಕೇಡು."

ಇಂಥ ಪದ್ಧತಿ ಕೊಡಗಿನಲ್ಲಿ ಇಲ್ಲ. ನಮ್ಮ ಮೂಲಮನೆಯಾದ ಐನ್‌ಮನೆಯ ಹಿರಿಯರು ಕ್ಷಮಿಸಲಿ.

ಅಬು ಜಾಸಿಂ ಇದನ್ನು ಅಬು ಖಾಲಿದರಿಗೆ ಎರಡು ಸಲ ಕೂಗಿ ಹೇಳಿದರು. ಅಬು ಖಾಲಿದ್ ಗಂಭೀರವಾಗಿ ತಲೆದೂಗಿದರು. ಕೆಲಸ ಆಯಿತು ಎಂದುಕೊಳ್ಳುವಷ್ಟರಲ್ಲಿ ಚಿಕ್ಕ ಮಗ ಬಾಯಿ ಹಾಕಿದ.

"ಆದರೆ ಹಿರಿಯರು ಮಾವ ಅಲ್ಲವೇ? ಅಪ್ಪನಿಗಿಂತ ಎರಡು ವರ್ಷ ದೊಡ್ಡವರು."

ಎಲ್ಲರೂ ಅಬು ಜಾಸಿಮರ ಕಡೆ ತಿರುಗಿದರು. ನಾನು ಆ ಕಪ್ಪು ಗಡ್ಡ ನೋಡಿ ಮೋಸಹೋಗಿದ್ದೆ. ಪದ್ಧತಿ ಹುಟ್ಟಿಸುವವಳು ಮೊದಲು ವಯಸ್ಸು ವಿಚಾರಿಸಬೇಕಿತ್ತು.

ಅಬು ಜಾಸಿಂ ಗಡ್ಡ ನೀವಿಕೊಂಡರು.

"ಅದು ಪಾಸ್‌ಪೋರ್ಟ್ ಮಾಡಿದವರ ತಪ್ಪು," ಎಂದರು. "ಅಬು ಖಾಲಿದನೇ ದೊಡ್ಡವನು."

ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಬು ಜಾಸಿಂ ನಗದೆ ಎದ್ದು ಬಂದು, ನನ್ನ ಕೈಯಿಂದ ಪೆಟ್ಟಿಗೆ ತೆಗೆದುಕೊಂಡು ತಾವೇ ಸ್ಟೂಲಿನ ಮೇಲಿಟ್ಟರು. ಗಡ್ಡಕ್ಕೆ ಬಣ್ಣ ಹಚ್ಚುವವರಿಂದಲೂ ಒಮ್ಮೊಮ್ಮೆ ಲೋಕಕ್ಕೆ ಉಪಕಾರವಾಗುತ್ತದೆ ಎಂದುಕೊಂಡೆ.

ಆರನೆಯ ಬಿಲ್ಲೆಗೆ ಸದ್ದು ಬೇರೆ ಬಂತು, ದೊಡ್ಡ ಬಾಗಿಲ ಬದಲು ಕಿಟಕಿ ಹಾಕಿಕೊಂಡ ಹಾಗೆ. ಬಿಲ್ಲೆ ಪುಡಿಯಾಯಿತು. ಅದರ ನಂತರದ್ದೂ ಪುಡಿಯಾಯಿತು. ರುಮಾಲು ಮತ್ತೆ ಕೆಡಲಿಲ್ಲ. ಅಬು ಖಾಲಿದ್ ಅರ್ಧ ದಾಟಿಸಿ ಮೇಲೆ ಮೂರು ಒಡೆದರು. ಅಬು ಜಾಸಿಂ ತಮ್ಮ ಸರದಿಯ ಕೊನೆಯಲ್ಲಿ ಒಂದಾದ ಮೇಲೊಂದು ಗುರಿ ತಪ್ಪಿದರು. ಬಿಸಿಲು ಕಣ್ಣಿಗೆ ಹೊಡೆಯಿತು ಎಂದರು. ಬಿಸಿಲು ನಮ್ಮೆಲ್ಲರ ಬೆನ್ನಿಗಿತ್ತು.

ಅದೇ ಸಂಜೆ, ತಗಡಿನ ಕೋಣೆ

ಗಿಲ್ಬರ್ಟ್ ಮೊದಲು ನನಗೆ ಬೈದರು, ಆಮೇಲೆ ಚಹಾ ಮಾಡಿಕೊಟ್ಟರು. "ನಾನು ಆ ಗೂಡಿನ ಒಳಗೆ ಅರ್ಧ ಜಪ ಮುಗಿಸಿದ್ದೆ ಮಾರಾಯ್ರೆ. ಹೊಗಳ್ಳಿಕ್ಕೆ ನಿಮಗೆ ಬೇರೆ ಎಂತದೂ ಸಿಗ್ಲಿಲ್ವಾ? ಒಂದು ಖರ್ಜೂರ ಹೊಗಳ್ಬಹುದಿತ್ತು," ಎಂದರು. ನಾನು ಒಪ್ಪಿಕೊಂಡೆ.

ಚಹಾ ಮುಗಿಯುವ ಮುಂಚೆ ಬಾಗಿಲಲ್ಲಿ ಅಬು ಜಾಸಿಂ ನಿಂತಿದ್ದರು. ಚಪ್ಪಲಿ ಕಳಚಿ ಒಳಗೆ ಬಂದು, ಮೇಜಿನ ಮೇಲಿನ ತಕ್ಕಡಿ ನೋಡಿದರು, ಯಂತ್ರ ನೋಡಿದರು.

"ಟೀಚರ್, ನಿಮ್ಮ ಪದ್ಧತಿ ಒಳ್ಳೆಯದು," ಎಂದರು ಹಿಂದಿಯಲ್ಲಿ. "ಎಷ್ಟು ಹಳೆಯದು?"

"ಇವತ್ತು ಮಧ್ಯಾಹ್ನದ್ದು," ಎಂದೆ. ಆ ಮುಖದೆದುರು ಸುಳ್ಳು ಮುಂದುವರಿಸಲು ನಾಲಿಗೆ ಬರಲಿಲ್ಲ.

ಅವರು ತಲೆದೂಗಿದರು. ಗಿಲ್ಬರ್ಟ್ ಕೊಟ್ಟ ಮುಕ್ಕಾಲಿಯ ಮೇಲೆ ಕೂತು, ತಮ್ಮ ಬಲ ಭುಜವನ್ನು ಎಡಗೈಯಿಂದ ಮೆಲ್ಲಗೆ ಒತ್ತಿಕೊಂಡರು.

"ಹೋದ ಚಳಿಗಾಲದಲ್ಲೇ ನನಗೆ ಸದ್ದಿನಿಂದ ಗೊತ್ತಾಯಿತು, ಅಬು ಖಾಲಿದನ ತೋಟಾ ಹಗುರ ಅಂತ. ಜಿಪುಣತನ ಎಂದು ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ, ಬೇರೆಯವರಿಗೆ ಸಂಶಯ ಬಾರದಿರಲಿ ಅಂತ." ಮತ್ತೆ ಭುಜ ಒತ್ತಿಕೊಂಡರು. "ನನ್ನ ಭುಜವೂ ಹೋಗಿದೆ. ಶುಕ್ರವಾರ ಹೊಡೆದರೆ ಸೋಮವಾರದವರೆಗೆ ಕೈ ಎತ್ತಲಾಗುವುದಿಲ್ಲ. ಅವನು ನಿಲ್ಲಿಸದೆ ನಾನು ಹೇಗೆ ನಿಲ್ಲಿಸಲಿ? ಅದಕ್ಕೇ ಜಾಗ ಮುಚ್ಚಿಸಿ ಅಂತ ಹುಡುಗರಿಗೆ ಹೇಳುತ್ತಿದ್ದೆ. ಮುಚ್ಚಿದರೆ ಇಬ್ಬರೂ ಒಟ್ಟಿಗೆ ನಿಲ್ಲಿಸಬಹುದು. ಇವತ್ತು ಅವನು ರುಮಾಲು ಸರಿ ಮಾಡಿಕೊಳ್ಳುವುದನ್ನು ನೋಡಿದೆ. ಅಷ್ಟು ನೋವಿದ್ದೂ ಕೋವಿ ಕೆಳಗಿಡಲಿಲ್ಲ. ಇನ್ನು ಮುಚ್ಚಿಸಿ ಅಂತ ಹೇಳುವುದಿಲ್ಲ."

ಮತ್ತೆ ಗಿಲ್ಬರ್ಟರ ಕಡೆ ತಿರುಗಿ, "ನನಗೂ ಅಂಥದ್ದೇ ಒಂದು ಪೆಟ್ಟಿಗೆ ಮಾಡಿಕೊಡು. ಕೆಂಪು ಕೊಳವೆಯದ್ದೇ ಆಗಲಿ, ಅಂಗಡಿಯದ್ದರ ಹಾಗೆ ಕಾಣಬೇಕು. ಅವನಿಗೆ ಗೊತ್ತಾಗಬಾರದು," ಎಂದರು.

ಅಷ್ಟು ಹೊತ್ತು ನಾನು ಮೇಜಿನ ಅಂಚು ಹಿಡಿದುಕೊಂಡೇ ಇದ್ದೆ. ಗಿಲ್ಬರ್ಟ್ ಮಾತ್ರ ಕಾಂಪೌಂಡರಾಗಿ ಯೋಚಿಸಿದರು.

"ಆದರೆ ಸದ್ದು, ಸಾಬ್?" ಎಂದು ಕೇಳಿದರು. "ಅವರದ್ದು ನಿಮಗೆ ಗೊತ್ತಾದ ಹಾಗೆ ನಿಮ್ಮದೂ ಅವರಿಗೆ ಗೊತ್ತಾಗುವುದಿಲ್ಲವೇ?"

ಅಬು ಜಾಸಿಂ ಬಾಗಿಲ ಕಡೆ ನೋಡಿದರು. ಆ ದಿನ ಮೊದಲ ಸಲ ದನಿ ತಗ್ಗಿಸಿದರು.

"ಗೊತ್ತಾಗುವುದಿಲ್ಲ. ಅವನಿಗೆ ಕಿವಿ ಹೋಗಿ ವರ್ಷದ ಮೇಲಾಯಿತು. ಮಕ್ಕಳಿಗೆ ತಿಳಿಯದ ಹಾಗೆ ನಾನು ಪಕ್ಕದಲ್ಲಿ ಕೂತು ಎಲ್ಲವನ್ನೂ ಎರಡು ಸಲ ಹೇಳುತ್ತೇನೆ. ನೀವೂ ಯಾರಿಗೂ ಹೇಳಬೇಡಿ."

ನಾವಿಬ್ಬರೂ ತಲೆ ಆಡಿಸಿದೆವು. ಅವರು ಎದ್ದು, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ಗುಡಾರದ ಕಡೆ ನಡೆಯುತ್ತ ಅಬು ಖಾಲಿದರನ್ನು ಹೆಸರು ಹಿಡಿದು ದೊಡ್ಡ ದನಿಯಲ್ಲಿ ಕೂಗಿದರು. ಉತ್ತರ ಬರುವವರೆಗೂ ಕೂಗುತ್ತಲೇ ಇದ್ದರು.